ದವಡೆ ಬರಲಿ ಅಂತ ತಗೊಂಡ ಇಂಜೆಕ್ಷನ್

ಹದಿನೈದರ ಹುಡುಗ ಬಂದರೆ ಕೇಸ್ ಶೀಟಿನಲ್ಲಿ ಶುಗರ್, ಬಿಪಿ, ಅಲರ್ಜಿ ಅಂತ ಕೇಳುತ್ತೇವೆ. ಜಿಮ್‌ನಲ್ಲಿ ಏನಾದರೂ ಚುಚ್ಚಿಸಿಕೊಂಡಿದ್ದೀಯಾ ಅಂತ ಕೇಳುವ ಜಾಗವೇ ಇಲ್ಲ. ನಮ್ಮಲ್ಲಿ ಔಷಧಿ ಕಾಲಂ ಖಾಲಿ ಬಿಟ್ಟರೆ ಸಾಫ್ಟ್‌ವೇರ್ ತಾನೇ 'ನಿಲ್' ಅಂತ ತುಂಬಿಕೊಳ್ಳುತ್ತದೆ. ಅದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ನಾನು ಹುಬ್ಬಳ್ಳಿಯಲ್ಲಿ ಆರ್ಥೊಡಾಂಟಿಸ್ಟ್, ಅಂದರೆ ಹಲ್ಲು, ದವಡೆಗಳ ಜೋಡಣೆ ಸರಿಮಾಡುವ ದಂತವೈದ್ಯ. ನವಲಗುಂದ ಕಡೆಯ ಒಬ್ಬ ಹುಡುಗ ಬಂದಿದ್ದ. ನಾವು ಕ್ಲಾಸ್ ಟೂ ಅನ್ನುವ ತೊಂದರೆ, ಕೆಳದವಡೆ ತೀರಾ ಹಿಂದೆ. ಜೂನ್‌ನಲ್ಲಿ ತೆಗೆದ ಸೆಫ್‌ನಲ್ಲಿ (ಪಕ್ಕದಿಂದ ತೆಗೆಯುವ ತಲೆಯ ಎಕ್ಸ್‌ರೇ) ಸಿಎಸ್ 3. ಕತ್ತಿನ ಮೂಳೆ ನೋಡಿ ಬೆಳವಣಿಗೆ ಅಳೆಯುವ ಆರು ಹಂತಗಳಲ್ಲಿ ಇದು ಮೂರನೆಯದು, ದವಡೆ ಜೋರಾಗಿ ಬೆಳೆಯುವ ಹೊತ್ತು. ಕೆಳದವಡೆಯನ್ನು ಮುಂದೆ ತರುವ ಟ್ವಿನ್ ಬ್ಲಾಕ್ ಅನ್ನುವ ಅಪ್ಲಯನ್ಸ್ ಹಾಕಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಅಪ್ಪ ಮಾತ್ರ ಎಸ್ಸೆಸ್ಸೆಲ್ಸಿ ಮುಗಿಯಲಿ ಅಂದರು. ಅವರನ್ನು ದೂರುವುದಿಲ್ಲ. ಬಾಯಿ ತುಂಬ ಅಪ್ಲಯನ್ಸ್ ಇಟ್ಟುಕೊಂಡು ಬೋರ್ಡ್ ಪರೀಕ್ಷೆ ಅಂದರೆ ಯಾವ ಮನೆಯಲ್ಲೂ ಹಿಂಜರಿಯುತ್ತಾರೆ.

ಏಪ್ರಿಲ್‌ನಲ್ಲಿ ಮತ್ತೆ ಸೆಫ್ ತೆಗೆಸಿದೆವು. ಸ್ಕ್ರೀನ್ ಮೇಲೆ ಬಂದದ್ದು ಸಿಎಸ್ 5, ಬೆಳವಣಿಗೆಯ ಜೋರು ಮುಗಿದ ಹಂತ. ಒಂದೊಂದು ಹಂತ ದಾಟಲು ಸಾಮಾನ್ಯವಾಗಿ ವರ್ಷದ ಹತ್ತಿರ ಬೇಕು, ಇಲ್ಲಿ ಎರಡು ಹಂತ ದಾಟಿತ್ತು. ಫಿಲ್ಮ್ ಅದಲುಬದಲಾಗಿದೆ ಅಂದರು ಜೂನಿಯರ್. ನನಗೂ ಹಾಗೇ ಅನಿಸಿತು. ಎಕ್ಸ್‌ರೇ ಸೆಂಟರ್‌ಗೆ ಫೋನ್ ಮಾಡಿದರೆ ಐಡಿ ಸರಿಯಾಗಿದೆ ಅಂದರು. ಹೊರಗೆ ಅಪ್ಪ ಬಸ್ಸಿನ ಹೊತ್ತಾಯಿತು ಅಂತ ರಿಸೆಪ್ಷನ್‌ನಲ್ಲಿ ಎರಡು ಸಲ ಕೇಳಿಯಾಗಿತ್ತು, ಒಳಗೆ ನಾವಿಬ್ಬರೂ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟುಕೊಂಡು ತಲೆಬುರುಡೆಯ ತಳದ ಗುರುತುಗಳು, ಹಲ್ಲಿನ ಬೇರು ಅಂತ ಒಂದೊಂದನ್ನೇ ಹೊಂದಿಸಿ ನೋಡುತ್ತಿದ್ದೆವು. ಎಲ್ಲವೂ ಕೂಡಿತು. ಹುಡುಗ ಅವನೇ. ಮೂಳೆಯ ವಯಸ್ಸು ತಿಳಿಯಲು ಕೈ, ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದೆವು, ಅದೂ ಅದೇ ಮಾತು ಹೇಳಿತು.

ಆಮೇಲೆ ಅವನ ಕಡೆ ಸರಿಯಾಗಿ ನೋಡಿದೆ. ಬೆನ್ನು, ಭುಜದ ತನಕ ಮೊಡವೆ. ಧ್ವನಿ ಒಡೆದು ಗಟ್ಟಿಯಾಗಿತ್ತು. ಅಪ್ಪನನ್ನು ಬಿಲ್ಲಿಂಗ್‌ಗೆ ಕಳಿಸಿ ಕೇಳಿದೆ. ತುಂಬಾ ಹೊತ್ತು ನೆಲ ನೋಡಿದ. ಕೊನೆಗೆ, 'ದವಡಿ ಮುಂದ ಬರ್ತದ ಅಂದ್ರ್ರಿ, ಜಿಮ್ಮಿನ್ಯಾಗ' ಅಂದ. ಮೊಬೈಲಿನಲ್ಲಿದ್ದ ಫೋಟೋ ತೋರಿಸಿದ. ಟೆಸ್ಟೋಸ್ಟೆರಾನ್ ಎನಾಂಥೇಟ್, ಗಂಡು ಹಾರ್ಮೋನಿನ ಸ್ಟೆರಾಯ್ಡ್ ಇಂಜೆಕ್ಷನ್. ಡಾಕ್ಟರ್ ಚೀಟಿ ಇಲ್ಲದೆ ಮಾರಲೇಬಾರದ ಔಷಧಿ ಅದು. ಗದ್ದ ಇಲ್ಲ ಅಂತ ಶಾಲೆಯಲ್ಲಿ ರೇಗಿಸುತ್ತಿದ್ದರಂತೆ.

ಅವನಿಗೆ ಹೇಳಿದವರ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದೇ ಅಪಾಯ. ಟೆಸ್ಟೋಸ್ಟೆರಾನ್ ಕೆಳದವಡೆ ಬೆಳೆಸುತ್ತದೆ. ಹರೆಯ ತಡವಾದ ಹುಡುಗರಿಗೆ ವೈದ್ಯರೇ ಕಡಿಮೆ ಡೋಸ್ ಕೊಟ್ಟಾಗ ದವಡೆಯ ಬೆಳವಣಿಗೆ ಚುರುಕಾಯಿತು ಅಂತ 1999ರಲ್ಲಿ ಬಂದ ಅಧ್ಯಯನವೊಂದು ತೋರಿಸಿದೆ. ಆದರೆ ದೇಹದಲ್ಲಿ ಅದರ ಒಂದು ಪಾಲು ಅರೊಮಟೇಸ್ ಅನ್ನುವ ಕಿಣ್ವದಿಂದ ಈಸ್ಟ್ರೋಜನ್, ಅಂದರೆ ಹೆಣ್ಣು ಹಾರ್ಮೋನ್ ಆಗುತ್ತದೆ. ಗಂಡುಮಕ್ಕಳಲ್ಲೂ ಮೂಳೆ ಉದ್ದವಾಗುವ ಜಾಗವಾದ ಗ್ರೋತ್ ಪ್ಲೇಟ್ ಮುಚ್ಚಿಸುವುದು ಮುಖ್ಯವಾಗಿ ಈ ಈಸ್ಟ್ರೋಜನ್ನೇ. 1994ರಲ್ಲಿ ವರದಿಯಾದ ಒಬ್ಬ ಗಂಡಸಿಗೆ ಈಸ್ಟ್ರೋಜನ್ ರಿಸೆಪ್ಟರ್ ಕೆಲಸ ಮಾಡುತ್ತಿರಲಿಲ್ಲ. 28ನೇ ವಯಸ್ಸಿನಲ್ಲಿ 204 ಸೆಂಟಿಮೀಟರ್ ಎತ್ತರವಿದ್ದ, ಪ್ಲೇಟ್‌ಗಳು ಇನ್ನೂ ಮುಚ್ಚಿರಲಿಲ್ಲ. ಅಂದರೆ ಹೊರಗಿಂದ ಹಾರ್ಮೋನ್ ಸುರಿದರೆ ಬೆಳವಣಿಗೆ ಬೇಗ ಆಗಿ ಬೇಗ ಮುಗಿಯುತ್ತದೆ, ಎತ್ತರವೂ ಕುಂಠಿತವಾಗಬಹುದು. ಅದೂ ಅಲ್ಲದೆ ಅದು ಬರೀ ದವಡೆಯನ್ನು ಆರಿಸಿಕೊಂಡು ಬೆಳೆಸುವುದಿಲ್ಲ. ಈ ಹುಡುಗನ ಸೆಫ್ ಮೇಲೆ ಗೆರೆ ಎಳೆದು ಅಳೆದಾಗ ಮುಖ ಉದ್ದವಾಗಿತ್ತು, ದವಡೆಯೂ ಸ್ವಲ್ಪ ಬೆಳೆದಿತ್ತು. ಮೇಲಿನ ದವಡೆಗೂ ಕೆಳಗಿನದಕ್ಕೂ ಇರುವ ಅಂತರ ತೋರಿಸುವ ಎಎನ್‌ಬಿ ಕೋನ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

ಇಪ್ಪತ್ತು ದಾಟಿದವರೂ ಇದನ್ನೇ ನಂಬಿ ದುಡ್ಡು ಸುರಿಯುತ್ತಾರೆ. ಆ ವಯಸ್ಸಿನಲ್ಲಿ ಸ್ಟೆರಾಯ್ಡ್‌ನಿಂದ ದವಡೆ ಮುಂದೆ ಬರುವುದಿಲ್ಲ, ನೀರು ತುಂಬಿ ಮುಖ ಊದಬಹುದು ಅಷ್ಟೇ. ದೊಡ್ಡವರಲ್ಲೂ ದವಡೆ ಬೆಳೆಯುವುದು ಅಕ್ರೋಮೆಗಲಿಯಲ್ಲಿ. ಅದು ಗ್ರೋತ್ ಹಾರ್ಮೋನ್‌ನ ಕಾಯಿಲೆ, ಯಾರೂ ಬಯಸುವಂಥದ್ದಲ್ಲ.

ಕೆಲವು ಹುಡುಗರು ತಾವಾಗಿಯೇ ಬೇಗ ಬಲಿಯುತ್ತಾರೆ, ಹಾಗಾಗಿ ಎಲ್ಲವನ್ನೂ ಸೂಜಿಯ ತಲೆಗೆ ಕಟ್ಟಲಾರೆ. ಆದರೆ ಜೂನ್‌ನಲ್ಲಿದ್ದ ಅವಕಾಶ ಏಪ್ರಿಲ್‌ಗೆ ಹೆಚ್ಚುಕಡಿಮೆ ಮುಗಿದಿತ್ತು. ಉಳಿದದ್ದು ಎರಡೇ ದಾರಿ. ಮೇಲಿನ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ ಹಲ್ಲು) ತೆಗೆದು ಕ್ಯಾಮೊಫ್ಲಾಜ್, ಅಂದರೆ ದವಡೆ ಮುಟ್ಟದೆ ಹಲ್ಲು ಸರಿಸಿ ಮರೆಮಾಚುವುದು, ಇಲ್ಲವೇ ಬೆಳವಣಿಗೆ ಪೂರ್ತಿ ನಿಂತ ಮೇಲೆ ಸರ್ಜರಿ. ಅಪ್ಪನಿಗೆ ಹುಡುಗನೇ ನನ್ನೆದುರು ಹೇಳಿದ. ಅವರು ಬೈಯಲಿಲ್ಲ, ಇಂಜೆಕ್ಷನ್‌ಗೆ ದುಡ್ಡು ಎಲ್ಲಿಂದ ಬಂತು ಅಂತಷ್ಟೇ ಕೇಳಿದರು. ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ತಜ್ಞರ ಹತ್ತಿರ ಕಳಿಸಿದೆವು. ಹೊರಗಿನ ಟೆಸ್ಟೋಸ್ಟೆರಾನ್ ವೃಷಣಗಳನ್ನು ನಡೆಸುವ ದೇಹದ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನ್‌ಗಳನ್ನು ತಗ್ಗಿಸುತ್ತದೆ, ಹಾಗಾಗಿ ಅವುಗಳ ಟೆಸ್ಟ್ ಹಲ್ಲಿನ ಚಿಕಿತ್ಸೆಗಿಂತ ಮೊದಲು ಆಗಬೇಕಿತ್ತು.

ಕೇಸ್ ಶೀಟಿಗೆ ಒಂದು ಸಾಲು ಸೇರಿಸಿ ಅಂತ ಮ್ಯಾನೇಜ್‌ಮೆಂಟ್‌ಗೆ ಬರೆದೆ. ಅಚ್ಚಾದ ಹಳೆಯ ಶೀಟುಗಳ ಸ್ಟಾಕ್ ಮುಗಿಯಲಿ ಅಂದರು. ಅಲ್ಲಿಯವರೆಗೆ ಕೈಯಿಂದಲೇ ಬರೆಯುತ್ತಿದ್ದೇವೆ: ಜಿಮ್, ಪೌಡರ್, ಇಂಜೆಕ್ಷನ್. ಹನ್ನೆರಡು ದಾಟಿದ ಪ್ರತಿ ಹುಡುಗನಿಗೂ ಕೇಳುತ್ತೇವೆ, ಅಪ್ಪ ಅಮ್ಮ ಹೊರಗಿದ್ದಾಗ.