ವಾಚಿನ ಬೆಲ್ಟು ಬದಲಿಸುವಾಗ ಗೀರು ಬೀಳದಿರಲು

ಗೀರು ಹೆಚ್ಚಾಗಿ ಬೀಳುವುದು ಲಗ್ಗುಗಳ ಮೇಲೆ, ಅಂದರೆ ಬೆಲ್ಟು ಕೂರುವ ಆ ನಾಲ್ಕು ಕೊಂಬುಗಳ ಮೇಲೆ. ಸ್ಪ್ರಿಂಗ್ ಪಿನ್ (ಬೆಲ್ಟನ್ನು ಲಗ್ಗುಗಳ ನಡುವೆ ಹಿಡಿದಿಡುವ, ಒತ್ತಿದರೆ ಕುಗ್ಗುವ ಸಣ್ಣ ಸರಳು) ಒತ್ತುವಾಗ, ಅದನ್ನು ಬಿಡಿಸುವ ಟೂಲ್ ಜಾರುವುದೇ ಕಾರಣ. ಮೊದಲು ನಾಲ್ಕಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ. ವಾಚನ್ನು ಗಾಜು ಕೆಳಗಾಗಿಸಿ ಮೆತ್ತನೆ ಬಟ್ಟೆಯ ಮೇಲಿಡಿ. ಬಟ್ಟೆ ಚೆನ್ನಾಗಿ ಕೊಡವಿರಲಿ. ಕಾಸರಗೋಡಿನ ಕಡಲ ಬದಿಯ ಮನೆಗಳಲ್ಲಿ ಹೊಯಿಗೆ ಎಲ್ಲಿ ಇರುವುದಿಲ್ಲ ಹೇಳಿ! ಅದರ ಒಂದು ಕಣ ಸಾಕು, ಸಾಧಾರಣ ಮಿನರಲ್ ಗಾಜಿಗೆ ಗೀರು ಬೀಳಲು.

ಟೂಲಿನ ಕವಲು ತುದಿಯನ್ನು ಪಿನ್ನಿನ ಅಂಚಿಗೆ ಸಿಕ್ಕಿಸಿ, ಬೆಲ್ಟಿನ ನಡುಭಾಗದ ಕಡೆಗೆ ಒತ್ತಿ. ಮೇಲಕ್ಕೆ ಮೀಟಲೇಬೇಡಿ. ಇಲ್ಲಿನ ಸೆಕೆಗೆ, ಬೆವರಿಗೆ ತುಕ್ಕು ಹಿಡಿದ ಪಿನ್ ಒಳಗೆ ಸರಿಯದಿದ್ದರೆ ಬಲ ಹಾಕದೆ ಅಂಗಡಿಗೆ ಕೊಡಿ.

ಲಗ್ಗುಗಳ ನಡುವೆ 20 ಮಿ.ಮೀ. ಇದ್ದರೆ ಬೆಲ್ಟೂ 20. ಹಳೆಯ ಪಿನ್ ಮತ್ತೆ ಹಾಕಬೇಡಿ. ಹೊಸ ಪಿನ್ ಲಗ್ಗಿನ ತೂತಿಗೆ ಕೂತು ಟಿಕ್ ಎಂದ ಮೇಲೆ ಬೆಲ್ಟನ್ನು ಎಳೆದು ನೋಡಿ, ಆಮೇಲೆ ಟೇಪ್ ತೆಗೆಯಿರಿ.