ಬಿ.ಪಿ.ಗೊಂದು ನೋಟ್‌ಬುಕ್ ಇಡಿ
ದಾವಣಗೆರೆಯಲ್ಲಿ ಬಿ.ಪಿ. ಮಾತೆತ್ತಿದರೆ "ವಯಸ್ಸಾದ್ಮ್ಯಾಲೆ ಅದು ಇರೋದೇ ಬಿಡ್ರಿ" ಅನ್ನುವವರು ಬಹಳ. 1940ರ ದಶಕದಲ್ಲಿ ಅಮೆರಿಕದ ಅನೇಕ ವೈದ್ಯರೂ ಹೀಗೇ ನಂಬಿದ್ದರು. ಅದು ತಪ್ಪೆಂದು ತೋರಿಸಿದ್ದು ಅದೇ ದೇಶದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಜನ. 1948ರಿಂದ ಸಂಶೋಧಕರು ಅಲ್ಲಿನ 5,209 ಗಂಡಸರು, ಹೆಂಗಸರನ್ನು ಎರಡು ವರ್ಷಕ್ಕೊಮ್ಮೆ ಕರೆದು, ಬಿ.ಪಿ., ಕೊಲೆಸ್ಟ್ರಾಲ್, ಇ.ಸಿ.ಜಿ. ನೋಡಿ ಬರೆದಿಟ್ಟರು. 1971ರಲ್ಲಿ ಅವರ ಮಕ್ಕಳು ಸೇರಿದರು, 2002ರಲ್ಲಿ ಮೊಮ್ಮಕ್ಕಳು.

ಹೃದಯಾಘಾತ ಆದವರ ಹಳೆಯ ಪುಟ ತಿರುವಿದರೆ, ಎದೆನೋವಿಗಿಂತ ಎಷ್ಟೋ ವರ್ಷ ಮೊದಲೇ ಬಿ.ಪಿ., ಕೊಲೆಸ್ಟ್ರಾಲ್ ಏರಿದ್ದವು. ಬಿ.ಪಿ.ಯ ಎರಡು ಸಂಖ್ಯೆಗಳಲ್ಲಿ ಕೆಳಗಿನದು ಸರಿಯಿದ್ದರೆ ಸಾಕು ಎಂಬ ಮಾತೂ ಬಿದ್ದುಹೋಯಿತು. 160/80 ಕೂಡ ಅಪಾಯವೇ. ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಇದು: ಅಲ್ಲಿ ಆದ ಹೃದಯಾಘಾತಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು, ಆದಾಗ ಯಾರಿಗೂ ತಿಳಿದಿರಲಿಲ್ಲ. ಮುಂದಿನ ಇ.ಸಿ.ಜಿ.ಯಲ್ಲೇ ಗೊತ್ತಾದದ್ದು.

ಆ ಊರಿನವರು ಬಹುತೇಕ ಬಿಳಿಯರು, ನಿಜ. ಆದರೆ 52 ದೇಶಗಳ ರೋಗಿಗಳನ್ನು ಹೋಲಿಸಿ ನೋಡಿದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೇ ಬಂದಿತ್ತು, ಉಳಿದವರಿಗೆ ಸುಮಾರು 59ಕ್ಕೆ. ನಾವು ಇನ್ನೂ ಬೇಗ ಎಚ್ಚರಾಗಬೇಕು.

ಮನೆಯಲ್ಲಿ ನೋಡುವುದಾದರೆ ರಟ್ಟೆಗೆ ಕಟ್ಟುವ ಮಿಷನ್ ತನ್ನಿ. ರಟ್ಟೆಗೆ ಸುತ್ತುವ ಪಟ್ಟಿ ಚಿಕ್ಕದಾದರೆ ಸಂಖ್ಯೆ ಸುಳ್ಳೇ ಹೆಚ್ಚು ಬರುತ್ತದೆ. ದಪ್ಪ ರಟ್ಟೆಯವರು ದೊಡ್ಡ ಪಟ್ಟಿ ಕೇಳಿ ತನ್ನಿ. ಚಹಾ, ಬೀಡಿ ಆಗಿ ಅರ್ಧ ಗಂಟೆ ಕಳೆದಿರಲಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿ. ಪಟ್ಟಿ ಬರಿ ಮೈಮೇಲೆ, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ. ಕೈ ಜೋತುಬಿದ್ದರೂ ಮಾತಾಡುತ್ತಿದ್ದರೂ ಸಂಖ್ಯೆ ಏರುತ್ತದೆ. ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆಯಿರಿ. ಬೆಳಿಗ್ಗೆ, ಸಂಜೆ, ಏಳು ದಿನ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. 135/85 ಅಥವಾ ಮೇಲಿದ್ದರೆ ನೋಟ್‌ಬುಕ್ ಸಮೇತ ವೈದ್ಯರ ಹತ್ತಿರ ಹೋಗಿ.

ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ, ಅಂದರೆ ಸುಮಾರು ಒಂದು ಟೀ ಚಮಚ, ಎಲ್ಲಾ ಸೇರಿ. ನಮ್ಮ ಮಂಡಕ್ಕಿ, ಮಿರ್ಚಿ, ಉಪ್ಪಿನಕಾಯಿ ಇದೇ ಲೆಕ್ಕದೊಳಗೆ.

ಮಾತ್ರೆ ಶುರುವಾಗಿ ಮೇಲಿನ ಸಂಖ್ಯೆ 125ಕ್ಕೆ ಇಳಿದಾಗ "ವಾಸಿಯಾಯ್ತು" ಅಂತ ಬಿಡುವವರು ಎಷ್ಟೋ ಜನ. ಇಳಿಸಿದ್ದು ಮಾತ್ರೆ. ಬಿಟ್ಟರೆ ಸಾಮಾನ್ಯವಾಗಿ ಮತ್ತೆ ಏರುತ್ತದೆ, ಏರಿದ್ದು ಮೈಗೆ ಗೊತ್ತಾಗುವುದಿಲ್ಲ.