ಬರಗಾಲದಲ್ಲಿ ಮೋಡ ಬೇಡ ಅಂದವನು

ಆಗಸ್ಟ್ ಬಂತೆಂದರೆ ಪರ್ಸೀಡ್ ಉಲ್ಕಾಪಾತದ ಸುದ್ದಿ ಮೊಬೈಲಿಗೆ ಬರಲು ಶುರುವಾಗುತ್ತದೆ. ನಮ್ಮ ಕಡೆಯವರಿಗೆ ಅದು ಸುಮ್ನೆ ಹೊಟ್ಟೆ ಉರಿಸುವ ಸುದ್ದಿ. ಮಳೆಗಾಲದಲ್ಲಿ ಆಕಾಶ ಎಲ್ಲಿ ಕಾಣುತ್ತೆ? 2023ರ ಆಗಸ್ಟ್‌ನಲ್ಲಂತೂ ಮಳೆ ಕೈಕೊಟ್ಟಿತ್ತು, ಆದರೆ ಮೋಡಕ್ಕೇನೂ ಬರ ಇರಲಿಲ್ಲ.

ನಮಗೆ ಹೊಂದುವುದು ಡಿಸೆಂಬರ್‌ನ ಜೆಮಿನಿಡ್. ಮಿಥುನ ರಾಶಿಯ ಪುನರ್ವಸು ನಕ್ಷತ್ರದ ಪಕ್ಕದಿಂದ ಉಲ್ಕೆಗಳು ಸಿಡಿದಂತೆ ಕಾಣುತ್ತವೆ. ರಾತ್ರಿ ಒಂಬತ್ತಕ್ಕೆಲ್ಲ ಅದು ಪೂರ್ವದಲ್ಲಿ ಮೇಲೆದ್ದಿರುತ್ತದೆ, ಎರಡೂವರೆ ಹೊತ್ತಿಗೆ ನೆತ್ತಿಯ ಹತ್ತಿರ. ಅದರಲ್ಲೂ 2023 ಬಿಡಬಾರದ ವರ್ಷ. ಅಮಾವಾಸ್ಯೆ ಆಗಷ್ಟೇ ಮುಗಿದಿತ್ತು. ಎಲ್ಲರೂ 13ನೇ ತಾರೀಕು ಅನ್ನುತ್ತಿದ್ದರು. ಆದರೆ ಆ ಸಲ ಅತಿ ಹೆಚ್ಚು ಬೀಳುವ ಹೊತ್ತು ನಮ್ಮ ಗಡಿಯಾರಕ್ಕೆ 14ರ ರಾತ್ರಿ ಹನ್ನೆರಡು ದಾಟಿದ ಮೇಲೆ ಇತ್ತು. ಹಾಗಾಗಿ ಗುರುವಾರ ಮಧ್ಯಾಹ್ನ ಮಗಳನ್ನು ಸ್ಕೂಲಿನಿಂದಲೇ ಕರೆದುಕೊಂಡು ಮಧುಗಿರಿ ಪಕ್ಕದ ಸೋದರಮಾವನ ಊರಿಗೆ ಹೊರಟೆ. ಬೆಂಗಳೂರಿನ ತಾರಸಿ ಮೇಲೆ ನಿಂತು ಉಲ್ಕೆ ನೋಡ್ತೀನಿ ಅನ್ನುವವರ ತಾಳ್ಮೆಗೆ ನನ್ನದೊಂದು ನಮಸ್ಕಾರ.

ಊರು ತಲುಪುವಾಗ ಪೂರ್ವದ ಕಡೆ ಮೋಡ. ಡಿಸೆಂಬರ್‌ನಲ್ಲಿ ಬಂಗಾಳಕೊಲ್ಲಿಯಲ್ಲಿ ಏನಾದರೂ ಎದ್ದರೆ ನಮ್ಮ ಬಯಲುಸೀಮೆಯ ಮೇಲೂ ಮುಸುಕು ಹಾಕುತ್ತದೆ. ಹವಾಮಾನ ನೋಡೋಣ ಎಂದು ಟಿವಿ ಹಾಕಿದರೆ, ಹಿಂದಿನ ದಿನ ಸಂಸತ್ತಿನೊಳಗೆ ನುಗ್ಗಿ ಹೊಗೆ ಬಿಟ್ಟವರ ಸುದ್ದಿ ಬಿಟ್ಟು ಬೇರೇನಿಲ್ಲ. ಊಟಕ್ಕೆ ಕೂತಾಗ ಬಾಯಿ ತಪ್ಪಿ ಅಂದುಬಿಟ್ಟೆ: "ಈ ಹಾಳು ಮೋಡ ಒಂದು ರಾತ್ರಿ ಬರದೇ ಇದ್ದಿದ್ರೆ ಏನಾಗ್ತಿತ್ತು?"

ಮಾವ ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. "ಏನಪ್ಪಾ, ನಾವಿಲ್ಲಿ ಒಂದು ತುಂಡು ಮೋಡಕ್ಕೆ ಬಾಯಿ ಬಿಡ್ತಾ ಇದೀವಿ, ನೀನು ಬೆಂಗಳೂರಿಂದ ಬಂದು ಬೇಡ ಅಂತೀಯಲ್ಲೋ!"

ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿದ್ದ ವರ್ಷ ಅದು. ಮಾವನ ರಾಗಿ ಮೊಣಕಾಲುದ್ದಕ್ಕೇ ಒಣಗಿ ದನಗಳ ಮೇವಾಗಿತ್ತು. ಹೊಲದಲ್ಲಿ ಉಳಿದಿದ್ದ ಅವರೆಗೆ ಒಂದು ಹದ ಮಳೆ ಸಿಕ್ಕಿದ್ದರೂ ನಾಲ್ಕು ಕಾಸು ನೋಡಬಹುದಿತ್ತು. ಅತ್ತೆ ಮಾತು ಮರೆಸಲು ಇನ್ನೊಂದು ಸೌಟು ಸಾರು ಬಡಿಸಿದರು. ಆಮೇಲೆ ಮೋಡದ ಮಾತು ನಾನು ಎತ್ತಲಿಲ್ಲ. ಆದರೂ ಕೈ ತೊಳೆಯಲು ಹೊರಗೆ ಹೋದಾಗ ಕಣ್ಣು ತಾನಾಗೇ ಮೇಲೆ ಹೋಯಿತು.

ಹನ್ನೊಂದರವರೆಗೆ ತಾರಸಿ ಮೇಲೆ ಚಾಪೆ ಹಾಸಿ ಮಲಗಿದ್ದೆವು. ಮೋಡದ ಸಂದಿಯಲ್ಲಿ ಒಮ್ಮೆ ಗುರು ಗ್ರಹ ಕಂಡು ಮರೆಯಾಯಿತು. ಸಾಲದ್ದಕ್ಕೆ ಎದುರಿಗಿದ್ದ ಕಂಬದ ಎಲ್‌ಇಡಿ ಲೈಟು ನೇರ ಕಣ್ಣಿಗೇ ಹೊಡೆಯುತ್ತಿತ್ತು. ಮಗಳು ಕಂಬಳಿ ಮುಖದ ಮೇಲೆ ಎಳೆದುಕೊಂಡಳು.

ಒಂದು ಗಂಟೆ ಹೊತ್ತಿಗೆ ಮಾವ ಎಬ್ಬಿಸಿದರು. ಆ ವಾರ ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದು ರಾತ್ರಿ ಪಾಳಿಯಲ್ಲಿ. ಬೋರ್‌ವೆಲ್‌ನಲ್ಲಿ ಬರುವ ಒಂದಿಂಚು ನೀರಲ್ಲೇ ಅಡಿಕೆ ಗಿಡ ಉಳಿಸಿಕೊಳ್ಳಬೇಕಿತ್ತು. ಮೋಟರ್ ಹಾಕಲು ಹೊರಟವರು, "ತೋಟದ ಕಡೆ ಲೈಟಿಲ್ಲ, ಬನ್ನಿ" ಅಂದರು.

ತೋಟದ ದಾರಿಯಲ್ಲಿ ತಲೆ ಎತ್ತಿದರೆ ಪಶ್ಚಿಮದ ಅರ್ಧ ಆಕಾಶ ಬಿಚ್ಚಿಕೊಂಡಿದೆ. ಪಂಪ್ ಶೆಡ್ಡಿನ ಪಕ್ಕ ಚೀಲ ಹಾಸಿ ಕೂತೆವು. ಮೊಬೈಲ್ ತೆಗೆಯಬಾರದು ಎಂದು ಮಗಳಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ. ಕತ್ತಲಿಗೆ ಕಣ್ಣು ಹೊಂದಲು ಇಪ್ಪತ್ತು ನಿಮಿಷವಾದರೂ ಬೇಕು, ಒಮ್ಮೆ ಸ್ಕ್ರೀನ್ ನೋಡಿದರೆ ಮತ್ತೆ ಮೊದಲಿಂದ. ಅಷ್ಟರಲ್ಲಿ ಮೋಡ ಪೂರ್ವಕ್ಕೆ ಇನ್ನೂ ಸರಿಯಿತು. ಮೊದಲನೆಯದು ಬಿದ್ದದ್ದು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಪಕ್ಕದಲ್ಲಿ. ಹಳದಿ ಮಿಶ್ರಿತ ಬಿಳಿ ಗೆರೆ. ಪರ್ಸೀಡ್‌ನಷ್ಟು ಅವಸರವಿಲ್ಲ, "ಅಲ್ಲಿ!" ಎಂದು ಕೈ ತೋರಿಸುವಷ್ಟು ಪುರುಸೊತ್ತು ಕೊಟ್ಟಿತು. ಆಮೇಲೆ ಎರಡು ಒಟ್ಟಿಗೇ. ಆಮೇಲೆ ಐದು ನಿಮಿಷ ಏನೂ ಇಲ್ಲ. ಪೇಪರಿನಲ್ಲಿ ಗಂಟೆಗೆ 120 ಎಂದು ಬರೆಯುತ್ತಾರಲ್ಲ, ಅದು ಪೂರ್ತಿ ಕತ್ತಲಿದ್ದು, ಉಲ್ಕೆಗಳು ಸಿಡಿದಂತೆ ಕಾಣುವ ಆ ಜಾಗ ಸರಿಯಾಗಿ ನೆತ್ತಿಯ ಮೇಲಿದ್ದಾಗಿನ ಲೆಕ್ಕ. ನಮಗೆ ಸಿಕ್ಕಿದ್ದು ಅದರಲ್ಲಿ ಅರ್ಧಕ್ಕಿಂತ ಕಮ್ಮಿಯೇ ಇರಬೇಕು. ಆದರೂ ನಮಗೆ ಅಷ್ಟೇ ಸಾಕಾಗಿತ್ತು.

ಮಾವ ಸ್ಟಾರ್ಟರ್ ಒತ್ತಿ ಬಂದು ಬೀಡಿ ಹಚ್ಚಿದರು. ಇದಕ್ಕಾಗಿ ಇಷ್ಟು ದೂರ ಬಂದಿರಾ ಅನ್ನುವ ಮುಖ. "ಮೋಟರ್ ಹಾಕೋಕೆ ಬಂದಾಗೆಲ್ಲ ನೋಡ್ತೀನಲ್ಲಪ್ಪ. ಈ ಚಳಿಗಾಲದಲ್ಲಿ ಜಾಸ್ತಿ ಬೀಳ್ತವೆ." ತಾರೀಕು ಅವರಿಗೆ ಗೊತ್ತಿರಲಿಲ್ಲ, ಬೀಳುವ ಕಾಲ ಸರಿಯಾಗಿ ಗೊತ್ತಿತ್ತು. ಮಗಳು ತಾನು ಓದಿದ್ದನ್ನೆಲ್ಲ ತಾತನಿಗೆ ಒಪ್ಪಿಸಿದಳು. ಬೇರೆ ಉಲ್ಕಾಪಾತಗಳಲ್ಲಿ ಸಾಮಾನ್ಯವಾಗಿ ಧೂಮಕೇತು ಬಿಟ್ಟುಹೋದ ಧೂಳು ಉರಿಯುತ್ತೆ, ಇದು ಮಾತ್ರ 1983ರಲ್ಲಿ ಕಂಡುಹಿಡಿದ ಫೇಥಾನ್ ಎಂಬ ಕ್ಷುದ್ರಗ್ರಹದ್ದು, ಸೆಕೆಂಡಿಗೆ 35 ಕಿಲೋಮೀಟರ್ ವೇಗ.

"ಅಂದ್ರೆ ಇಲ್ಲಿಂದ ತುಮಕೂರಿಗೆ?"

"ಎರಡು ಸೆಕೆಂಡೂ ಬೇಡ ತಾತ."

"ನಮ್ಮ ಬಸ್ಸಿನ ಡ್ರೈವರಿಗೆ ಹೇಳಬೇಕು."

ಪುನರ್ವಸುವನ್ನು ತೋರಿಸಿದಾಗ ಮಾತ್ರ ಮಾವ ಸ್ವಲ್ಪ ಹೊತ್ತು ನೋಡಿದರು. ಆ ಹೆಸರಿನ ಮಳೆಯನ್ನು ಕಾದು ಉತ್ತುಬಿತ್ತಿದವರು, ನಕ್ಷತ್ರವನ್ನು ಯಾರೂ ಬೊಟ್ಟು ಮಾಡಿ ತೋರಿಸಿರಲಿಲ್ಲವಂತೆ. "ಇವನೇನಾ? ನೋಡೋಕೆ ಚೆನ್ನಾಗೇ ಇದಾನೆ" ಅಂದು, ಡ್ರಿಪ್ ಪೈಪು ಕಟ್ಟಿಕೊಂಡಿದೆಯಾ ನೋಡಲು ಟಾರ್ಚ್ ಹಾಕಿಯೇಬಿಟ್ಟರು. ನಮ್ಮ ಇಪ್ಪತ್ತು ನಿಮಿಷ ಅಲ್ಲಿಗೆ ಢಮಾರ್.

ಮೂರೂವರೆ ದಾಟಿ ಬೆಳ್ಳಿ ಹುಟ್ಟುವ ಹೊತ್ತಿಗೆ ಇಬ್ಬನಿಯಲ್ಲಿ ಕಂಬಳಿ ಒದ್ದೆಯಾಗಿತ್ತು. ಕರೆಂಟು ಹೋಯಿತು, ಮೋಟರ್ ನಿಂತಿತು. ಮನೆಗೆ ಬಂದು ಬಿದ್ದುಕೊಂಡೆವು.

2024ರಲ್ಲಿ ಡಿಸೆಂಬರ್ ಶುರುವಾಗುತ್ತಿದ್ದಂತೆ ಮಾವನೇ ಫೋನ್ ಮಾಡಿದರು. ಈ ಸಲ ಮಳೆ ಪರವಾಗಿಲ್ಲ, ನಕ್ಷತ್ರ ನೋಡೋಕೆ ಯಾವಾಗ ಬರ್ತೀರಾ ಅಂತ. ಹುಣ್ಣಿಮೆ ಪಕ್ಕದಲ್ಲೇ ಇದೆ ಮಾವ, ಬೆಳದಿಂಗಳಿಗೆ ಏನೂ ಕಾಣಲ್ಲ ಅಂದೆ.

"ಹೋಗ್ಲಿ ಬಿಡು, ಅವರೆಕಾಯಿಗೆ ಬನ್ನಿ" ಅಂದರು. ಹೋದೆವು.